ಛೀಯಕ್ಕ ಮುಚ್ಚಳಕ್ಕೆ ತೂತು ಕೊರೆದದ್ದು

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಛೀಯಕ್ಕ ಹಿತ್ತಲಿನ ತಗಡು ಶೆಡ್ಡಿನಲ್ಲಿ ಮೊಣಕಾಲೂರಿ ಕುಳಿತು, ಸೋಪಿನ ನೀರಿನಲ್ಲಿ ಅದ್ದಿದ ಚಿಂದಿಯಿಂದ ಪೀಪಾಯಿಯ ಮುಚ್ಚಳದ ಮೇಲಿನ ಉಗುಳಿನ ಕಲೆಯನ್ನು ಉಜ್ಜುತ್ತಿದ್ದಳು. ಉಜ್ಜುವ ಕೈಯೊಂದನ್ನು ಬಿಟ್ಟರೆ ಅವಳ ಮೈಯ ಬೇರೆ ಯಾವ ಭಾಗವೂ ಆ ಕೆಲಸದಲ್ಲಿ ಸೇರಿರಲಿಲ್ಲ. ಮುಖ ಗೋಡೆಯ ಕಡೆ ತಿರುಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಉಸಿರು ಗಂಟಲಲ್ಲೇ ನಿಂತಿತ್ತು. ಕಲೆ ಹೋಯಿತೇ ಎಂದು ಒಮ್ಮೆ ತಿರುಗಿ ನೋಡಿದಳು. ಹೋಗಿರಲಿಲ್ಲ. ವರ್ಷಗಟ್ಟಲೆ ಬಿಸಿ ತಗಡಿನ ಮೇಲೆ ಒಣಗಿ, ಒಂದರ ಮೇಲೊಂದು ಪದರವಾಗಿ ಕೂತ ಆ ಕಂದು ಮಚ್ಚೆ ಬಣ್ಣಕ್ಕಿಂತ ಗಟ್ಟಿಯಾಗಿತ್ತು.

"ಛೀ," ಎಂದಳು.

ಈ ಒಂದು ಅಕ್ಷರದಿಂದಲೇ ಬೀದಿಯವರು ಅವಳಿಗೆ ಛೀಯಕ್ಕ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬಸ್ಸಿನ ಕಂಬಿ ಹಿಡಿಯಬೇಕಾದರೆ ಛೀ, ನೆಂಟರ ಮನೆಯಲ್ಲಿ ಲೋಟದ ಅಂಚು ಕಂಡರೆ ಛೀ, ಬೇರೆಯವರ ಬಾಚಣಿಗೆಯಲ್ಲಿ ಒಂದು ಕೂದಲು ಕಂಡರೆ ಅಂದಿನ ಊಟವೇ ಇಲ್ಲ. ಇಂಥವಳು ಸೇರಿದ್ದು ಮಾಂಸಕ್ಕೆ ಹೊಗೆ ಹಾಕಿ ಬೇಯಿಸಿ ಮಾರುವ ಮನೆಗೆ.

ಪೀಪಾಯಿ ಎಂದರೆ ಎಣ್ಣೆ ತುಂಬುವ ದೊಡ್ಡ ಡ್ರಮ್ಮು. ಅವಳ ಮಾವ ಪ್ರಾಯದಲ್ಲಿ ಅದನ್ನು ಅಡ್ಡ ಮಲಗಿಸಿ, ಉದ್ದಕ್ಕೆ ಸೀಳಿ, ಮೇಲಿನ ಹೋಳಿಗೆ ಕೀಲು ಕೂರಿಸಿ ಮುಚ್ಚಳ ಮಾಡಿದ್ದರು. ಎಡಬದಿಗೆ ಬೆಸೆದ ಸಣ್ಣ ಪೆಟ್ಟಿಗೆಯಲ್ಲಿ ಕಟ್ಟಿಗೆ ಉರಿಯುತ್ತದೆ. ಅಲ್ಲಿನ ಬಿಸಿಗಾಳಿ, ಹೊಗೆ ಎರಡೂ ಡ್ರಮ್ಮಿನೊಳಗೆ ಹಾದು, ಜಾಲರಿಯ ಮೇಲಿಟ್ಟ ಕೋಳಿಗಳನ್ನು ನಿಧಾನವಾಗಿ ಬೇಯಿಸಿ, ಬಲತುದಿಯ ಚಿಮಣಿಯಿಂದ ಹೊರಬೀಳುತ್ತವೆ. ಉರಿ ಹೆಚ್ಚಾದರೆ ಕೋಳಿ ಹೊರಗೆ ಕರಿಕಾಗುತ್ತದೆ, ಕಡಿಮೆಯಾದರೆ ಮೂಳೆಯ ಹತ್ತಿರ ಹಸಿಯಾಗಿ ಉಳಿಯುತ್ತದೆ. ಪೆಟ್ಟಿಗೆಯ ಬಾಯಿಗಿರುವ ತಗಡಿನ ಬಿಲ್ಲೆಯನ್ನು ತಿರುಗಿಸಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವುದೇ ಈ ಕೆಲಸದ ಜಾಣತನವೆಲ್ಲ. ಆದರೆ ಯಾವಾಗ ತಿರುಗಿಸಬೇಕು ಎಂದು ಗೊತ್ತಾಗಬೇಕಲ್ಲ?

ಮಾವ ಅದಕ್ಕೆ ಉಗುಳುತ್ತಿದ್ದರು.

ಗಿಡ್ಡ ಆಳು. ಮೋಟು ಸ್ಟೂಲಿನ ಮೇಲೆ ಪೀಪಾಯಿಯ ನಡುವಿಗೆ ಎದುರಾಗಿ ಕೂತು, ಮುಂದಕ್ಕೆ ಬಾಗಿ, ಮುಚ್ಚಳದ ಕೆಳಅಂಚಿನಿಂದ ನಾಲ್ಕು ಬೆರಳು ಮೇಲೆ ಥೂ ಎಂದು ಉಗುಳಿ, ಅದು ಆರಿಹೋಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೇಗ ಆರಿದರೆ ಗಾಳಿ ಮುಚ್ಚು, ತಡವಾದರೆ ತೆರೆ. ಗಿರಾಕಿಗಳು ಎದುರಿಗಿದ್ದರೂ ಅಷ್ಟೆ. ಕೆಲವರಿಗೆ ಅದೊಂದು ತಮಾಷೆ. ಛೀಯಕ್ಕನಿಗೆ ಮಾತ್ರ ಪ್ರತಿ ಸಲವೂ ಹೊಟ್ಟೆಯೊಳಗೆ ಯಾರೋ ಕೈಹಾಕಿ ಹಿಂಡಿದಂತಾಗುತ್ತಿತ್ತು.

ಮದುವೆಗೆ ಮೊದಲು ಅವಳು ಅಂಟಿನ ಕಾರ್ಖಾನೆಯಲ್ಲಿದ್ದಳು. ಚರ್ಮದ ಚೂರು, ಗೊರಸು, ಮೂಳೆಗಳನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೊಪ್ಪರಿಗೆಯಲ್ಲಿ ಕುದಿಸಿ ಅಂಟು ತೆಗೆಯುವ ಜಾಗ ಅದು. ಕುದಿಯುವಾಗ ಮೇಲೆ ಕಟ್ಟುವ ಬೂದು ನೊರೆಯನ್ನು ಉದ್ದ ಹಿಡಿಕೆಯ ಸೌಟಿನಿಂದ ತೆಗೆದು ತೊಟ್ಟಿಗೆ ಸುರಿಯುವುದು ಅವಳ ಪಾಲಿನ ಕೆಲಸ. ನೊರೆಯಲ್ಲಿ ರೋಮ ಇರುತ್ತಿತ್ತು. ಆ ವಾಸನೆ ಕೂದಲಲ್ಲಿ, ಉಗುರ ಸಂದಿಯಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಮನೆಗೆ ಬರುತ್ತಿತ್ತು. ಬಸ್ಸು ಎಷ್ಟೇ ತುಂಬಿರಲಿ, ಅವಳ ಪಕ್ಕದ ಸೀಟು ಮಾತ್ರ ಖಾಲಿ. ಮದುವೆಯ ಮಾತುಕತೆಗೆ ಬಂದ ಹುಡುಗನನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮನೇಲಿ ಏನ್ ವಾಸ್ನೆ ಇರುತ್ತೆ?"

"ಹೊಗೆ," ಎಂದಿದ್ದ ಅವನು, ಗಾಬರಿಯಾಗಿ.

ಹೊಗೆಯಾದರೆ ಅಡ್ಡಿಯಿಲ್ಲ ಎಂದು ಒಪ್ಪಿದ್ದಳು. ಉಗುಳಿನ ವಿಷಯ ಅವನು ಎತ್ತಲಿಲ್ಲ.

ಆ ಹುಡುಗ, ಈಗ ಅವಳ ಗಂಡ, ಬೀದಿಯ ಕಡೆಗಿರುವ ಕಟ್ಟೆಯಲ್ಲಿ ನಿಂತು ಕೋಳಿ ಕತ್ತರಿಸಿ ಮಾರುವವನು. ಹೋದ ತಿಂಗಳು ಒಂದು ಮುದ್ರಣಾಲಯದವರು ಅವನ ಕೈಯಿಂದ ಕೋಳಿ ಕೊಂಡುಹೋಗಿ ತಿಂದು, ಏಳು ಜನ ಆಸ್ಪತ್ರೆಯ ಮಂಚದ ಮೇಲೆ ಮಲಗಿದರು. ಎಲ್ಲರೂ ಎದ್ದು ಬಂದರು, ಅದು ಪುಣ್ಯ. ಆದರೆ ಉಳಿದ ಕೋಳಿಯನ್ನು ಒಬ್ಬಾತ ತಂದು ಕಟ್ಟೆಯ ಮೇಲೆ ಬಿಸಾಡಿದಾಗ ತೊಡೆಯ ಸಂದು ಬಿಚ್ಚಿಕೊಂಡು ಒಳಗಿನ ಕೆಂಪು ನೀರು ಹರಿದು ಗಂಡನ ಚಪ್ಪಲಿಗೆ ಇಳಿಯಿತು. ಛೀಯಕ್ಕ ಆ ಚಪ್ಪಲಿಯನ್ನು ಇಕ್ಕಳದಲ್ಲಿ ಎತ್ತಿ ಎಸೆದಿದ್ದಳು.

ಆ ಮಂಗಳವಾರ ಬೆಳಿಗ್ಗೆ ಅವಳು ಚಿಂದಿ ಹಿಂಡುತ್ತಿದ್ದಾಗ ಗಂಡ ಶೆಡ್ಡಿಗೆ ಬಂದು ನಿಂತ. ಮುಖ ಬಾಡಿತ್ತು.

"ಭಾನುವಾರ ಬಸ್ ಡಿಪೋದವರ ಊಟ ಇದೆ. ಹಳೇ ಡ್ರೈವರೊಬ್ಬ ನಿವೃತ್ತಿ ಆಗ್ತಿದಾನೆ, ನಲವತ್ತು ಜನ. ಬೇರೆ ಯಾರೂ ನಮ್ಮ ಕಡೆ ತಿರುಗಿ ನೋಡ್ತಿಲ್ಲ, ಇವರೊಬ್ಬರು ಬಂದಿದಾರೆ."

"ಒಳ್ಳೇದಾಯ್ತಲ್ಲ."

"ಕೇಳು ಪೂರ್ತಿ. ಈ ಸಲಾನೂ ಹಸಿ ಉಳಿದ್ರೆ ಸೋಮವಾರ ಪೀಪಾಯಿನ ಗುಜರಿಯವನ ತೂಕಕ್ಕೆ ಹಾಕ್ತೀನಿ. ಅಂಟಿನ ಕಾರ್ಖಾನೆ ಸೂಪರ್‌ವೈಸರ್ ಹತ್ರ ಮಾತಾಡಿದೀನಿ. ನನಗೆ ಮೂಳೆ ಹೊರೋ ಕೆಲ್ಸ ಕೊಡ್ತಾನಂತೆ. ನಿನಗೆ ನಿನ್ನ ಹಳೇ ಜಾಗಾನೇ ಇದೆಯಂತೆ."

ನಿನ್ನ ಹಳೇ ಜಾಗ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ನಾಲಿಗೆಯ ಮೇಲೆ ಆ ಬೂದು ನೊರೆಯ ರುಚಿ ಬಂದುಬಿಟ್ಟಿತು. ಹೊರಗೆ ಹೋಗಿ ನಲ್ಲಿಯ ಬುಡದಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದಳು. ತಿರುಗಿ ಬಂದಾಗ ತೀರ್ಮಾನ ಆಗಿಹೋಗಿತ್ತು.

"ಥರ್ಮಾಮೀಟರು ತರೋಣ. ಮುಚ್ಚಳಕ್ಕೆ ತೂತು ಹೊಡೆದು ಕೂರಿಸೋದು ಸಿಗುತ್ತೆ. ಮುಳ್ಳು ನೋಡಿ ಗಾಳಿ ಬಿಡೋದು. ಉಗುಳೋದು ಬಂದ್."

"ಅಪ್ಪ ಒಪ್ಪಲ್ಲ."

"ಅಪ್ಪನ ಉಗುಳು ಕೆಟ್ಟಿದೆ ರೀ. ಅದಕ್ಕೇ ಏಳು ಜನ ಮಲಗಿದ್ದು."

ಇದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ಅಸಹ್ಯಪಡುವವರಿಗೆ ಒಂದು ಕಷ್ಟವಿದೆ: ನೋಡಬಾರದು ಎಂದುಕೊಂಡದ್ದನ್ನೇ ಅವರು ಎಲ್ಲರಿಗಿಂತ ಹೆಚ್ಚು ಗಮನಿಸಿರುತ್ತಾರೆ. ಮಾವನಿಗೆ ಎರಡು ತಿಂಗಳ ಹಿಂದೆ ರಕ್ತದೊತ್ತಡಕ್ಕೆ ಹೊಸ ಮಾತ್ರೆ ಶುರುವಾಗಿತ್ತು. ಅಂದಿನಿಂದ ಅವರ ಬಾಯಿ ಒಣಗುತ್ತಿತ್ತು, ನೀರಿನ ಚೊಂಬು ಸ್ಟೂಲಿನ ಪಕ್ಕ ಬಂದು ಕೂತಿತ್ತು. ಮೊದಲು ದೊಡ್ಡ ಕೋಟಿನ ಗುಂಡಿಯಷ್ಟಿರುತ್ತಿದ್ದ ಉಗುಳು ಈಗ ಅಂಗಿಯ ಗುಂಡಿಯಷ್ಟೂ ಇರಲಿಲ್ಲ. ಸ್ವಲ್ಪವೇ ಇರುವ ಉಗುಳು ಕಡಿಮೆ ಬಿಸಿಯಲ್ಲೂ ಬೇಗ ಆರುತ್ತದೆ. ಒಳಗೆ ಬೇಕಾದಷ್ಟು ಕಾದಿದೆ ಎಂದುಕೊಂಡು ಮಾವ ಗಾಳಿ ಮುಚ್ಚುತ್ತಾರೆ. ಕೋಳಿ ಹಸಿಯಾಗಿ ಉಳಿಯುತ್ತದೆ. ದಿನವೂ ಒರೆಸುವವಳಿಗಲ್ಲದೆ ಇನ್ನಾರಿಗೆ ಇದು ತಿಳಿದೀತು?

ಮಧ್ಯಾಹ್ನದ ಊಟಕ್ಕೆ ಕೂತಾಗ ಇದನ್ನೇ ಮಾವನಿಗೆ ಹೇಳಿದಳು.

"ಮಾವ, ತಪ್ಪು ತಿಳೀಬೇಡಿ. ನಿಮ್ಮ ಉಗುಳು ಕಮ್ಮಿ ಆಗಿದೆ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. ನಾದಿನಿ, ಗಂಡನ ತಂಗಿ, ಮಾತಿಗೆ ಮೊದಲೇ ನಗುವವಳು, ನೀರು ನೆತ್ತಿಗೇರಿಸಿಕೊಂಡಳು.

"ಅಯ್ಯೋ ಅತ್ತಿಗೆ! ಉಪ್ಪು ಕಮ್ಮಿ ಆಗಿದೆ ಅಂತ ಜಗಳ ಆಡೋದು ಕೇಳಿದೀನಿ, ಉಗುಳು ಕಮ್ಮಿ ಆಗಿದೆ ಅಂತ ಮಾವನ ಮೇಲೆ ದೂರು ಹೇಳೋ ಸೊಸೇನ ಇದೇ ಮೊದಲು ನೋಡಿದ್ದು!"

"ನಗಬೇಡ್ವೇ. ನಾಳೆ ನಿಂಗೂ ಅಂಟಿನ ಕಾರ್ಖಾನೆ ಗತಿ."

"ನನ್ನ ಉಗುಳಿನ ಉಸಾಬರಿ ನಿನಗ್ಯಾಕಮ್ಮ?" ಎಂದರು ಮಾವ. ಸಿಟ್ಟಿಗಿಂತ ಹೆಚ್ಚಾಗಿ ನೊಂದಿದ್ದರು. "ಇಷ್ಟು ವರ್ಷ ಊರಿಗೆ ಊರೇ ತಿಂದಿದೆ ಅದರ ಮೇಲೆ."

"ಅದರ ಮೇಲೆ ಅಂತ ಊಟದ ಹೊತ್ತಲ್ಲಿ ಹೇಳಬೇಡಿ ಮಾವ," ಎಂದು ಛೀಯಕ್ಕ ತಟ್ಟೆ ದೂರ ಸರಿಸಿದಳು. ಅವಳ ಊಟ ಅಲ್ಲಿಗೆ ಮುಗಿಯಿತು.

ಬುಧವಾರ ಗಂಡ ಹೆಂಡತಿ ಇಬ್ಬರೂ ಹಾರ್ಡ್‌ವೇರ್ ಅಂಗಡಿಗೆ ಹೋದರು. ಮೊಳೆ, ಕೊಳಾಯಿ, ಹಗ್ಗ, ಇಲಿಪಾಷಾಣ ಎಲ್ಲ ಒಂದೇ ಗಾಜಿನ ಬೀರುವಿನಲ್ಲಿದ್ದವು. ಅಂಗಡಿಯವನು ಹೊಟ್ಟೆಯನ್ನು ಕೌಂಟರಿನ ಮೇಲೆ ಒರಗಿಸಿಕೊಂಡು ಮಾತಾಡುವವನು.

"ಥರ್ಮಾಮೀಟರಾ? ಜ್ವರಕ್ಕಾ, ಒಲೆಗಾ?"

"ಹೊಗೆ ಹಾಕೋ ಪೀಪಾಯಿ ಮುಚ್ಚಳಕ್ಕೆ," ಎಂದ ಗಂಡ.

ಅಂಗಡಿಯವನು ಒಳಗಿಂದ ಎರಡು ತಂದಿಟ್ಟ. ಒಂದರ ಮುಖ ತಟ್ಟೆಯಷ್ಟು ಅಗಲ, ಹೊಳೆಯುವ ಅಂಚು, ಒಳಗೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಪಟ್ಟಿಗಳು. ಗಂಡನ ಕಣ್ಣು ಅಲ್ಲೇ ಅಂಟಿಕೊಂಡಿತು. "ದೂರದಿಂದಲೇ ಕಾಣುತ್ತೆ ನೋಡೇ. ಗಿರಾಕಿಗಳಿಗೂ ಒಂದು ಗತ್ತು."

ಛೀಯಕ್ಕ ಅದನ್ನು ಕರವಸ್ತ್ರದಲ್ಲಿ ಹಿಡಿದು ತಿರುಗಿಸಿ ಹಿಂಬದಿ ನೋಡಿದಳು. ಬಿಸಿಯನ್ನು ತಿಳಿಯುವುದು ಹಿಂದಿನ ಕಡ್ಡಿ. ಅದರೊಳಗೆ ಸುರುಳಿ ಸುತ್ತಿದ ಲೋಹದ ಪಟ್ಟಿ ಇರುತ್ತದೆ, ಕಾದಂತೆ ಅದು ಬಿಚ್ಚಿಕೊಂಡು ಮುಳ್ಳನ್ನು ತಿರುಗಿಸುತ್ತದೆ. ಇದರ ಕಡ್ಡಿ ಕಿರುಬೆರಳ ಉಗುರಿನಷ್ಟು. ಮುಚ್ಚಳದ ದಪ್ಪ, ಎರಡು ವಾಷರು, ಒಂದು ನಟ್ಟು ಕಳೆದರೆ ಒಳಗೆ ಇಣುಕುವುದಕ್ಕೂ ಏನೂ ಉಳಿಯುವುದಿಲ್ಲ.

"ಇದು ತಗಡಿನ ಬಿಸಿ ಹೇಳುತ್ತೆ ಅಷ್ಟೆ. ಅಂಕಿ ಎಲ್ಲಿದೆ ಇದರಲ್ಲಿ?"

"ಬಣ್ಣ ಇದೆಯಲ್ಲಮ್ಮ. ಹಳದಿ ಅಂದ್ರೆ ಬಿಸಿ, ಕಿತ್ತಳೆ ಅಂದ್ರೆ ಇನ್ನೂ ಬಿಸಿ, ಕೆಂಪು ಅಂದ್ರೆ..."

"ಓಡಿಹೋಗಿ ಅಂತ. ಗೊತ್ತಾಯ್ತು. ಆ ಇನ್ನೊಂದು ತೋರಿಸಿ."

ಇನ್ನೊಂದು ಸಣ್ಣದು, ಮುಖ ಅಂಗೈಗಿಂತ ಕಿರಿದು. ಐದೈದು ಡಿಗ್ರಿಗೆ ಒಂದೊಂದು ಗೆರೆ, ಕಡ್ಡಿ ನಡುಬೆರಳಿನಷ್ಟು ಉದ್ದ, ಹೊಗೆ ನುಗ್ಗದಂತೆ ಗಾಜಿನ ಸುತ್ತ ಬಿಗಿಯಾದ ಪಟ್ಟಿ, ತಪ್ಪು ತೋರಿಸಿದರೆ ಸರಿಪಡಿಸಲು ಹಿಂದೆ ಒಂದು ತಿರುಪು. ಇದೇ ಸರಿ ಎಂದುಕೊಳ್ಳುವಷ್ಟರಲ್ಲಿ ಅಂಗಡಿಯವನು ಅದನ್ನು ಅವಳ ಕೈಯಿಂದ ತೆಗೆದುಕೊಂಡ.

"ಒಳ್ಳೇ ಮಾಲು. ಕಡ್ಡಿ ನೋಡಿ ಎಷ್ಟು ನುಣುಪು," ಎನ್ನುತ್ತ ಮಾತಿನ ಭರದಲ್ಲಿ ಆ ಕಡ್ಡಿಯ ತುದಿಯಿಂದ ಕಿವಿಯ ಒಳಗನ್ನು ಒಮ್ಮೆ ಸುಖವಾಗಿ ಕೆರೆದುಕೊಂಡು, ಅಂಗಿಗೆ ಒರೆಸಿ, ಮತ್ತೆ ಅವಳ ಮುಂದೆ ಹಿಡಿದ.

ಛೀಯಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಮೈಮೇಲೆ ಕೂದಲೆಲ್ಲ ನಿಮಿರಿತ್ತು.

"ಇಂಥದ್ದೇ ಇನ್ನೊಂದು ಕೊಡಿ. ಡಬ್ಬ ಒಡೆಯದೆ ಇರೋದು."

"ಎರಡೂ ಒಂದೇ ಅಮ್ಮ!"

"ಒಂದು ನಿಮ್ಮ ಕಿವಿ ನೋಡಿದೆ, ಇನ್ನೊಂದು ನೋಡಿಲ್ಲ. ಅಷ್ಟು ವ್ಯತ್ಯಾಸ ಇದೆ."

ಮನೆಗೆ ತಂದವಳೇ ಪಾತ್ರೆಯಲ್ಲಿ ನೀರು ಕುದಿಸಿ, ತಳ ಮುಟ್ಟದಂತೆ ಕಡ್ಡಿ ಇಳಿಬಿಟ್ಟಳು. ಊರು ಎತ್ತರದಲ್ಲಿಲ್ಲ, ಅಲ್ಲಿ ನೀರು ನೂರಕ್ಕೇ ಕುದಿಯುತ್ತದೆ. ಮುಳ್ಳು ತೊಂಬತ್ನಾಲ್ಕರಲ್ಲಿ ನಿಂತಿತು. ಹಿಂದಿನ ತಿರುಪನ್ನು ಇಷ್ಟಿಷ್ಟೇ ತಿರುಗಿಸಿ ನೂರಕ್ಕೆ ತಂದಳು. ಮತ್ತೊಮ್ಮೆ ತಣಿಸಿ, ಮತ್ತೊಮ್ಮೆ ಕುದಿಸಿ ನೋಡಿದಳು. ಈ ಸಲ ನೂರು. ಆ ನೀರನ್ನು ಮೋರಿಗೆ ಚೆಲ್ಲಿ, ಪಾತ್ರೆಯನ್ನು ಎರಡು ಸಲ ತೊಳೆದಳು.

ಎಲ್ಲ ಸರಿಯಾಗಿಯೇ ಸಾಗಿತ್ತು. ತಪ್ಪಾದದ್ದು ತೂತು ಎಲ್ಲಿ ಎಂಬಲ್ಲಿ.

ಪಕ್ಕದ ಬೀದಿಯ ಬಡಗಿಯಿಂದ ಡ್ರಿಲ್ಲು ಎರವಲು ತಂದಿದ್ದ ಗಂಡ, ಬಾಗಿಲಲ್ಲಿ ನಿಂತಿದ್ದ ಮಾವನನ್ನು ಕೇಳಿದ: "ಅಪ್ಪ, ಎಲ್ಲಿ ಹೊಡೀಲಿ?"

ಮಾವ ಬೆರಳು ಚಾಚಿ ತಮ್ಮ ಉಗುಳಿನ ಜಾಗವನ್ನು ತೋರಿಸಿದರು. ನಡುಮಧ್ಯ, ಅಂಚಿನಿಂದ ನಾಲ್ಕು ಬೆರಳು ಮೇಲೆ.

"ಅಲ್ಲಿ ಬೇಡ!" ಎಂದು ಛೀಯಕ್ಕ ಕೂಗಿಯೇಬಿಟ್ಟಳು. "ಆ ತೂತಿನ ಅಂಚಿಂದ ಅದೆಲ್ಲ ಪುಡಿಯಾಗಿ ಒಳಗೆ ಬೀಳಲ್ವಾ? ಛೀ! ಇಲ್ಲಿ ಹೊಡೀರಿ, ಚೊಕ್ಕಟವಾಗಿದೆ."

ಅವಳು ತೋರಿಸಿದ್ದು ಎಡಮೂಲೆಯ ಮೇಲ್ಭಾಗ. ಬೆಂಕಿಯ ಪೆಟ್ಟಿಗೆಯ ಝಳಕ್ಕೆ ಮಾವ ಅತ್ತ ಎಂದೂ ಕೂರುತ್ತಿರಲಿಲ್ಲ, ಹಾಗಾಗಿ ಅಲ್ಲಿ ಒಂದು ಕಲೆಯೂ ಇರಲಿಲ್ಲ, ಬಣ್ಣ ಹೊಸತರಂತೆ ಇತ್ತು. ಗಂಡ ಎರಡು ಕಡೆಯೂ ನೋಡಿ, ಹೆಂಡತಿಯ ಮುಖ ನೋಡಿ, ಎಡಮೂಲೆಯಲ್ಲೇ ಕೊರೆದ. ಮಾವ ಚೊಂಬು ಎತ್ತಿಕೊಂಡು ಒಳಗೆ ಹೋದರು.

ಗುರುವಾರ ಪರೀಕ್ಷೆಗೆಂದು ಒಂದೇ ಕೋಳಿಯನ್ನು ಜಾಲರಿಯ ನಡುವೆ ಇಟ್ಟು ಬೆಂಕಿ ಹಾಕಿದರು. ಹಸಿ ಕೋಳಿಯ ತೊಗಲಿನ ಮೇಲಿನ ಗುಳ್ಳೆಗಳನ್ನು ಕಂಡು ಛೀಯಕ್ಕ ಎಂದಿನಂತೆ ಮುಖ ಕಿವಿಚಿದಳು. ಆದರೂ ಅಂದು ಶೆಡ್ಡಿನಲ್ಲಿ ಅವಳದೇ ಯಜಮಾನಿಕೆ. ಮುಳ್ಳು ನೂರಿಪ್ಪತ್ತಕ್ಕೆ ಬಂದಾಗ ಬಿಲ್ಲೆ ತಿರುಗಿಸಿ ಅಲ್ಲೇ ನಿಲ್ಲಿಸಿದಳು. ನಾಲ್ಕು ಗಂಟೆ ಕಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮುಳ್ಳು ಅತ್ತ ಇತ್ತ ಅಲುಗಿದರೆ ತಾನೂ ಅಲುಗುತ್ತಿದ್ದಳು.

ನಡುವೆ ಒಮ್ಮೆ ಮಾವ ಬಂದು, ಅವಳು ಅತ್ತ ತಿರುಗಿದ್ದಾಗ, ಅಭ್ಯಾಸಬಲದಿಂದ ಥೂ ಎಂದರು. ಕೂತು ನೋಡಿದರು.

"ತಣ್ಣಗಿದೆ," ಎಂದರು.

"ನೂರಿಪ್ಪತ್ತು ಇದೆ ಮಾವ. ಮುಳ್ಳು ನೋಡಿ. ಒರೆಸಿದ ಜಾಗಕ್ಕೆ ಮತ್ತೆ ಉಗುಳಿದ್ರಲ್ಲ, ಛೀ!"

"ನನಗೆ ಮುಳ್ಳು ಕಾಣಲ್ಲ. ತಣ್ಣಗಿದೆ ಅಷ್ಟೆ," ಎಂದು ಎದ್ದು ಹೋದರು.

ಕೋಳಿಯನ್ನು ಇಳಿಸಿ ತೊಡೆ ಮುರಿದಾಗ ಮೂಳೆಯ ಸುತ್ತ ಮಾಂಸ ಗುಲಾಬಿಯಾಗಿತ್ತು. ಸಂದಿನಿಂದ ಜಿಗುಟು ನೀರು ಒಸರಿ ಹಲಗೆಯ ಮೇಲೆ ಹರಡಿತು. ನಾದಿನಿ ಸೆಳೆದ ಉಸಿರು ಹಾಗೇ ನಿಂತಿತು. ಗಂಡ ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟ.

"ಸೂಪರ್‌ವೈಸರ್‌ಗೆ ಫೋನ್ ಮಾಡಿಬಿಡ್ತೀನಿ," ಎಂದ.

"ಸುಮ್ನಿರಿ ಸ್ವಲ್ಪ," ಎಂದಳು ಛೀಯಕ್ಕ. ತಲೆ ಬೇರೆಲ್ಲೋ ಓಡುತ್ತಿತ್ತು. ಸ್ವಲ್ಪವೇ ಇರುವ ಉಗುಳು ಬೇಗ ಆರುತ್ತದೆ ಎಂದು ಲೆಕ್ಕ ಹಾಕಿದವಳು ಅವಳೇ. ಅಷ್ಟು ಸ್ವಲ್ಪ ಉಗುಳೂ ಆರಲು ತಡವಾಯಿತು ಎಂದರೆ, ನಡುವೆ ನಿಜಕ್ಕೂ ಬಿಸಿ ಇರಲಿಲ್ಲ. ಥರ್ಮಾಮೀಟರು ಸುಳ್ಳು ಹೇಳುವಂಥದ್ದಲ್ಲ, ಕುದಿಯುವ ನೀರಿನಲ್ಲಿ ನೋಡಿಯಾಗಿದೆ. ಹಾಗಿದ್ದರೆ ಎರಡೂ ನಿಜ. ಎರಡು ಜಾಗದ ಬಿಸಿ ಬೇರೆ.

ಬಟ್ಟೆ ಸುತ್ತಿದ ಇಕ್ಕಳದಿಂದ ನಟ್ಟು ಬಿಚ್ಚಿ ಥರ್ಮಾಮೀಟರನ್ನು ಮೂಲೆಯಿಂದ ಹೊರತೆಗೆದಳು. ತೂತಿಗೆ ಒದ್ದೆ ಚಿಂದಿ ತುರುಕಿದಳು. ಒಂದು ಆಲೂಗಡ್ಡೆಯನ್ನು ಅರ್ಧ ಸೀಳಿ, ಕಡ್ಡಿಯನ್ನು ಅದರ ಮೂಲಕ ತೂರಿಸಿದಳು, ಕಡ್ಡಿ ಜಾಲರಿಯ ಕಬ್ಬಿಣ ಮುಟ್ಟದೆ ಗಾಳಿಯಲ್ಲೇ ನಿಲ್ಲಲಿ ಎಂದು. ಅದನ್ನು ಕೋಳಿಯಿದ್ದ ಜಾಗದಲ್ಲಿಟ್ಟು ಮುಚ್ಚಳ ಹಾಕಿದಳು. ಬೆಂಕಿಯನ್ನು ಮುಟ್ಟಲಿಲ್ಲ. ಅರ್ಧ ಗಂಟೆಯಾದ ಮೇಲೆ ಮುಚ್ಚಳವನ್ನು ಒಂದಿಷ್ಟೇ ಎತ್ತಿ ಇಣುಕಿದಳು.

ಎಂಬತ್ತೆರಡು.

ಬೆಂಕಿಯ ಬಾಯಿಂದ ಹೊರಟ ಗಾಳಿ ಎಡಮೂಲೆಗೆ ನೇರವಾಗಿ ಬಡಿದು, ಮುಚ್ಚಳದ ಒಳಮೈಗೆ ಅಂಟಿಕೊಂಡೇ ಚಿಮಣಿಯತ್ತ ಓಡುತ್ತಿತ್ತು. ಕೋಳಿ ಮಲಗಿದ್ದದ್ದು ಕೆಳಗೆ, ನಡುವೆ. ಮುಚ್ಚಳದ ಹೊರಗೆ ಆ ಎತ್ತರಕ್ಕೆ, ಆ ನಡುವಿಗೆ ಸರಿಯಾಗಿ ಎದುರಾಗಿ ಇದ್ದದ್ದು ಒಂದೇ ಗುರುತು. ಗಿಡ್ಡ ಮನುಷ್ಯನೊಬ್ಬ ಮೋಟು ಸ್ಟೂಲಿನ ಮೇಲೆ ಕೂತು ಉಗುಳಿದರೆ ಅದು ಎಲ್ಲಿ ಬೀಳುತ್ತದೋ ಅಲ್ಲಿ.

ಛೀಯಕ್ಕ ಆ ಕಂದು ಮಚ್ಚೆಯನ್ನೇ ನೋಡುತ್ತ ನಿಂತಳು. ಇಡೀ ಮುಚ್ಚಳದಲ್ಲಿ ಸರಿಯಾದ ಜಾಗ ಅದೊಂದೇ. ಇದಕ್ಕಿಂತ ಹೇಸಿಗೆಯ ಸತ್ಯ ಅವಳಿಗೆ ಜೀವನದಲ್ಲಿ ಎದುರಾಗಿರಲಿಲ್ಲ.

"ಡ್ರಿಲ್ಲು ವಾಪಸ್ ಕೊಟ್ಟುಬಿಟ್ರಾ?" ಎಂದು ಗಂಡನನ್ನು ಕೇಳಿದಳು.

"ಆಗ್ಲೇ ಕೊಟ್ಟೆ."

"ನಾನೇ ತರ್ತೀನಿ. ಬಡಗಿ ಹತ್ರ ಮರಳು ಕಾಗದಾನೂ ಇಸ್ಕೊಂಡು ಬರ್ತೀನಿ. ಆ ಜಾಗ ತಿಕ್ಕಿ ತಿಕ್ಕಿ ಲೋಹ ಕಾಣೋವರೆಗೂ ಬಿಡಲ್ಲ."

ಹೋಗುವ ದಾರಿಯುದ್ದಕ್ಕೂ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ತಿಕ್ಕುವಾಗ ಪುಡಿ ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕೈಗೆ ಎರಡು ಜೊತೆ ಗ್ಲೌಸು. ಆಮೇಲೆ ಸ್ನಾನ. ಹಾಕಿಕೊಂಡ ಬಟ್ಟೆ ಸುಡಬೇಕೋ ಒಗೆದರೆ ಸಾಕೋ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಡ್ರಿಲ್ಲು ಹಿಡಿದು ತಿರುಗಿ ಬಂದರೆ ಮಾವ ಸ್ಟೂಲಿನ ಮೇಲೆ ಕೂತಿದ್ದರು. ಅಂಗಿಯ ತೋಳು ಮೊಣಕೈಯವರೆಗೆ ಮಡಚಿತ್ತು, ಹಣೆಯ ಮೇಲೆ ಬೆವರು. ಕೈಯಲ್ಲಿ ಇಟ್ಟಿಗೆಯ ಚೂರು, ಕಾಲ ಬಳಿ ಕೆಂಪು ಪುಡಿಯ ರಾಶಿ. ಮುಚ್ಚಳದ ಮೇಲೆ ಮಚ್ಚೆ ಇದ್ದಲ್ಲಿ ಅಂಗೈಯಗಲ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು. ಇಷ್ಟು ವರ್ಷದ್ದನ್ನೆಲ್ಲ ತಾವೇ ಕೆರೆದು ತೆಗೆದಿದ್ದರು.

ಛೀಯಕ್ಕ ಹತ್ತಿರ ಬಂದು ಬಾಗಿ ನೋಡಿದಳು. "ಮಾವ... ನಾನೇ ಮಾಡ್ತಿದ್ದೆ."

"ನಿನಗೆ ಆಗ್ಬರಲ್ಲ ಅಂತ ಗೊತ್ತಮ್ಮ."

"ಎಷ್ಟು ಚೆನ್ನಾಗಿ ಹೊಳೀತಿದೆ! ನೀರು ಹಾಕಿ ಉಜ್ಜಿದ್ರಾ?"

ಮಾವ ಇಟ್ಟಿಗೆಯ ಚೂರನ್ನು ಪಕ್ಕಕ್ಕಿಟ್ಟರು. "ನೀರು ದೂರ ಇತ್ತು," ಎಂದರು.

ಬಾಗಿಲ ಬಳಿ ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನೆಲಕ್ಕೆ ಕುಸಿದಳು. ಛೀಯಕ್ಕ ಡ್ರಿಲ್ಲು ಕೆಳಗಿಟ್ಟು, ಒಂದು ಕೊಡ ಕುದಿಯುವ ನೀರು ತಂದು ಆ ಜಾಗದ ಮೇಲೆ ಸುರಿದಳು. ಇನ್ನೊಂದು ಕೊಡ ತಂದಳು. ಆಮೇಲೆ ಹಲ್ಲು ಕಚ್ಚಿ, ತಾನೇ ಕೊರೆದಳು. ಸುರುಳಿ ಸುರುಳಿಯಾಗಿ ಲೋಹದ ಚೂರು ಉದುರಿತು. ಒಳಗೆ ಒಂದು ವಾಷರು, ಹೊರಗೆ ಒಂದು ವಾಷರು, ನಟ್ಟನ್ನು ಕೈಯಿಂದ ಬಿಗಿಸಿ ಕಾಲು ಸುತ್ತು ಮಾತ್ರ ಇಕ್ಕಳದಲ್ಲಿ. ಎಡಮೂಲೆಯ ಹಳೆಯ ತೂತಿಗೆ ಬೋಲ್ಟು ಹಾಕಿ ಮುಚ್ಚಿದಳು. ಮುಚ್ಚಳ ಹಾಕಿ ನೋಡಿದರೆ ಕಡ್ಡಿಯ ತುದಿ ಜಾಲರಿಗಿಂತ ಎರಡು ಬೆರಳು ಮೇಲೆ, ಸರಿಯಾಗಿ ಕೋಳಿ ಮಲಗುವ ಎತ್ತರದಲ್ಲಿ ನಿಂತಿತ್ತು.

ಶುಕ್ರವಾರ ಮತ್ತೊಂದು ಕೋಳಿ ಇಟ್ಟರು. ಈ ಸಲ ನಡುವಿನ ಮುಳ್ಳನ್ನು ನೂರು ದಾಟಿಸಲು ಗಾಳಿಯ ಬಿಲ್ಲೆಯನ್ನು ಅರ್ಧಕ್ಕಿಂತ ಹೆಚ್ಚು ತೆರೆಯಬೇಕಾಯಿತು. ಮಾವ ಕಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ಪೆಟ್ಟಿಗೆಯ ಬಾಯಿಗೆ ಒಂದು ಓರೆ ತಗಡು ಒರಗಿಸಿ ಗಾಳಿಯನ್ನು ಕೆಳಕ್ಕೆ ತಿರುಗಿಸಿದರು. ಬೆಂಕಿಯ ಮೂಲೆಯ ಕಡೆ ಕೋಳಿ ಕರಿಕಾಗದಂತೆ ನೋಡಿಕೊಳ್ಳುವುದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಕೇಳುವುದು, ಇವಳು ಹೇಳುವುದು. "ಎಷ್ಟಾಯ್ತಮ್ಮ?" "ಇನ್ನೂ ಬೇಕು ಮಾವ." "ಈಗ?" "ಸಾಕು, ಮುಚ್ಚಿ." ತೊಡೆ ಮುರಿದಾಗ ಮೂಳೆಯವರೆಗೂ ಮಾಂಸ ಬಿಳಿ, ಒಸರಿದ ನೀರು ತಿಳಿ. ಗಂಡ ಆ ಹಲಗೆಯನ್ನು ತಾನೇ ತೊಳೆದಿಟ್ಟ. ಆದರೆ ಒಂದು ಕೋಳಿ ಬೇಯುವುದು ಬೇರೆ, ಜಾಲರಿಯ ತುಂಬ ಹದಿನಾಲ್ಕು ಬೇಯುವುದು ಬೇರೆ ಎಂದು ಅವನ ಮುಖವೇ ಹೇಳುತ್ತಿತ್ತು.

ಭಾನುವಾರ ಡಿಪೋದ ಶೆಡ್ಡಿನಲ್ಲಿ ಉದ್ದುದ್ದ ಮೇಜು ಹಾಕಿದ್ದರು. ನೆಲದಲ್ಲಿ ಡೀಸೆಲ್ಲಿನ ಕಲೆ, ಗೋಡೆಗೆ ಒರಗಿಸಿದ ಟೈರುಗಳು, ಮೂಲೆಯ ತೊಟ್ಟಿಯಲ್ಲಿ ಕೈ ಒರೆಸಿ ಬಿಸಾಡಿದ ಗ್ರೀಸಿನ ಬಟ್ಟೆಗಳು. ಛೀಯಕ್ಕ ಯಾವುದಕ್ಕೂ ಮೈ ತಾಗಿಸದೆ, ಎರಡು ಮೊಣಕೈಗಳನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು. ಬೆಳಗಿನ ಜಾವದಿಂದ ಅವಳೂ ಮಾವನೂ ಮುಳ್ಳು ಕಾದು ಬೇಯಿಸಿದ ಹದಿನಾಲ್ಕು ಕೋಳಿಗಳನ್ನು ಗಂಡ ತಂದು ಜೋಡಿಸಿದ. ನಲವತ್ತು ಜನ ಕೂತಿದ್ದರು, ಒಬ್ಬರೂ ಕೈ ಹಾಕಲಿಲ್ಲ.

ಡಿಪೋದ ಫೋರ್‌ಮನ್, ಅಗಲ ಹೆಗಲಿನ ಆಸಾಮಿ, ಎದ್ದು ಬಂದ.

"ನೋಡಮ್ಮ, ಬೇಜಾರು ಮಾಡ್ಕೋಬೇಡಿ. ಮುದ್ರಣಾಲಯದವರ ಕತೆ ಎಲ್ಲರಿಗೂ ಗೊತ್ತು. ನಾಳೆ ಬೆಳಿಗ್ಗೆ ಇವರೆಲ್ಲ ಬಸ್ ಓಡಿಸ್ಬೇಕು. ಬೇಯಿಸಿದವರು ಮೊದಲು ತಿಂದು ತೋರಿಸಿ."

ಗಂಡ ಮುಂದೆ ಬಂದ. "ನಾನು ತಿಂತೀನಿ."

"ನೀವು ಮಾರೋರು. ಬೇಯಿಸಿದ್ದು ಯಾರು?"

ಮಾವ ಮೆಲ್ಲಗೆ ಸೊಸೆಯ ಕಡೆ ನೋಡಿದರು. ನಾದಿನಿಯ ಮುಖದಿಂದ ನಗು ಪೂರ್ತಿ ಆರಿಹೋಗಿತ್ತು, ಏಕೆಂದರೆ ಮನೆಯವರಿಗಷ್ಟೇ ಗೊತ್ತಿದ್ದ ವಿಷಯವೊಂದಿತ್ತು: ಮದುವೆಯಾಗಿ ಬಂದಂದಿನಿಂದ ಆ ಪೀಪಾಯಿಯ ಒಂದು ಚೂರನ್ನೂ ಛೀಯಕ್ಕ ಬಾಯಿಗೆ ಇಟ್ಟವಳಲ್ಲ.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡಬಹುದು. ಡಿಪೋದಲ್ಲಿ ಯಾರಿಗೂ ಹೊಟ್ಟೆ ಕೆಡಲಿಲ್ಲ. ಸೋಮವಾರ ಎಲ್ಲ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಹೊರಟವು. ಪೀಪಾಯಿ ಗುಜರಿಗೆ ಹೋಗಲಿಲ್ಲ. ಕಾರ್ಖಾನೆಯ ಕೊಪ್ಪರಿಗೆಯ ಬಳಿಗೆ ಬೇರೆ ಯಾರೋ ಸೇರಿಕೊಂಡರು. ಮಾವ ಉಗುಳುವುದನ್ನು ಬಿಡಲಿಲ್ಲ, ಮುಚ್ಚಳ ಬಿಟ್ಟು ನೆಲಕ್ಕೆ ಇಳಿಸಿದರು, ಅವಳು ಅದಕ್ಕೂ ಛೀ ಎನ್ನುತ್ತಲೇ ಇದ್ದಾಳೆ. ಆದರೆ ಆ ಮೇಜಿನ ಮುಂದೆ ನಿಂತಾಗ ಇದರಲ್ಲಿ ಒಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ತಟ್ಟೆಯಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ತೊಡೆ ಇದೆ, ಅದನ್ನು ತಿನ್ನದಿದ್ದರೆ ನಾಳೆ ಬೂದು ನೊರೆ.

ಕೈಯಿಂದಲೇ ಎತ್ತಿಕೊಂಡಳು. ಕೊಬ್ಬು ಬೆರಳ ಸಂದಿಯಿಂದ ಇಳಿದು ಮಣಿಕಟ್ಟಿಗೆ ಬಂತು. ತೊಗಲು ತುಟಿಗೆ ಜಿಗುಟಾಗಿ ಹತ್ತಿಕೊಂಡಿತು. ಕಣ್ಣು ಮುಚ್ಚಿ, ಎಲ್ಲಿ ಹಸಿ ಉಳಿಯುತ್ತದೋ ಅಲ್ಲಿಗೇ, ಮೂಳೆಯ ಸಂದಿಗೇ ಬಾಯಿ ಹಾಕಿ ದೊಡ್ಡ ತುತ್ತು ಕಿತ್ತಳು. ಅಗಿದಳು. ನಲವತ್ತು ಜನ ಅವಳ ದವಡೆಯನ್ನೇ ನೋಡುತ್ತಿದ್ದರು.

"ಬೆಂದಿದೆಯಾ?" ಎಂದ ಫೋರ್‌ಮನ್.

ಹೌದೆಂದು ತಲೆಯಾಡಿಸಿದಳು.

"ಅಂದಾಜಿಗೆ ಹೇಳ್ತೀರೋ, ಲೆಕ್ಕ ಇದೆಯೋ? ಎಷ್ಟು ಬಿಸೀಲಿ ಬೇಯಿಸಿದ್ರಿ?"

ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವವರನ್ನು ಕಂಡರೆ ಅವಳು ಎದ್ದು ಬೇರೆ ಕೋಣೆಗೆ ಹೋಗುವವಳು. ನುಂಗಲು ನೋಡಿದಳು, ತುತ್ತು ದೊಡ್ಡದಿತ್ತು, ಇಳಿಯಲಿಲ್ಲ. ಫೋರ್‌ಮನ್ ಕಾಯುತ್ತಿದ್ದ. ಮೇಜಿನ ಆ ತುದಿಯಲ್ಲಿ ಒಬ್ಬಾತ ಆಗಲೇ ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದ. ಛೀಯಕ್ಕ ಗಲ್ಲದ ಮೇಲಿನ ಕೊಬ್ಬನ್ನು ಮುಂಗೈಯಿಂದ ಒರೆಸಿ, ತುತ್ತನ್ನು ಒಂದು ದವಡೆಗೆ ಸರಿಸಿ, ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದಳು:

"ನೂರ ಹದಿನೈದು."